ಆಡುವ ಐವರಲ್ಲಿ ಚೌಡಕ್ಕ

ಟವಲ್ಲು ಇನ್ನೂ ಗಾಳಿಯಲ್ಲಿರುವಾಗಲೇ ಚೌಡಕ್ಕ ಬೆನ್ನು ತಿರುಗಿಸಿ ಸೊಪ್ಪಿನ ಬುಟ್ಟಿ ಎತ್ತಿಕೊಳ್ಳಲು ಬಗ್ಗಿದ್ದಳು. ಅದು ಎಲ್ಲಿ ಬೀಳುತ್ತದೆಂದು ನೋಡುವ ಅಗತ್ಯ ಅವಳಿಗೆ ಕಾಣಲಿಲ್ಲ. ಸಂಜೆ ಐದೂ ನಲವತ್ತರ ಲೇಪಾಕ್ಷಿ ಬಸ್ಸು ಹಿಂದೂಪುರದ ನಿಲ್ದಾಣದೊಳಗೆ ಇನ್ನೂ ತಿರುಗುತ್ತಿತ್ತು, ನಿಂತಿರಲಿಲ್ಲ. ಕೆಂಪು ಚೌಕಳಿಯ ಆ ಟವಲ್ಲು ಹದಿನೈದು ತಲೆ, ಎರಡು ಕೊಡೆ, ಯಾರೋ ಹೊತ್ತಿದ್ದ ಬಾಳೆಗೊನೆ ಇಷ್ಟನ್ನೂ ದಾಟಿ, ಡ್ರೈವರ್ ಹಿಂದಿನ ಮೂರನೇ ಕಿಟಕಿಯೊಳಗೆ ನುಗ್ಗಿ, ಸೀಟಿನ ಮೇಲೆ ಅಂಗಾತ ಮಲಗಿತು.

"ಬಿತ್ತಾ?" ಎಂದಳು ಚೌಡಕ್ಕ, ಬುಟ್ಟಿಯನ್ನು ಕೇಳಿದಂತೆ.

"ಬಿತ್ತು," ಎಂದ ತಿರುಮಲೇಶ್. ಅವನ ಕೈಯಲ್ಲಿ ಮೊಬೈಲಿತ್ತು, ಬಾಯಿ ತೆರೆದಿತ್ತು. "ಚೌಡಕ್ಕಾ, ಇನ್ನೊಂದ್ಸಲ ಹಾಕ್ತೀಯಾ? ವಿಡಿಯೊನಾಗೆ ಬೆಳಕು ಸರ್ಯಾಗಿ ಬರ್ಲಿಲ್ಲ."

"ಒಂದು ಸೀಟಿಗೆ ಎಲ್ಡು ಸಲ ಟವಲ್ ಹಾಕ್ತಾರೇನ್ಲಾ? ಸೊಪ್ಪು ಬಾಡ್ತೈತೆ, ಜರುಗು."

ಈ ಸೀಮೆಯಲ್ಲಿ ಟವಲ್ಲಿನ ಕಾನೂನನ್ನು ಯಾರೂ ಬರೆದಿಟ್ಟಿಲ್ಲ. ಬರೆದಿಟ್ಟ ಕಾನೂನುಗಳಿಗೆ ಇಲ್ಲದ ಮರ್ಯಾದೆ ಅದಕ್ಕಿರುವುದು ಬಹುಶಃ ಆ ಕಾರಣಕ್ಕೇ. ಸೀಟಿನ ಮೇಲೆ ಟವಲ್ ಬಿತ್ತೆಂದರೆ ಮುಗಿಯಿತು. ಅದರ ಒಡೆಯರೇ ಬಂದು ತೆಗೆಯುವವರೆಗೆ ಪೊಲೀಸರಾಗಲಿ, ಕಂಡಕ್ಟರಾಗಲಿ, ಬಸ್ಸಿನ ಮಾಲೀಕನ ಮಾವನೇ ಆಗಲಿ ಮುಟ್ಟುವುದಿಲ್ಲ. ಹಿಂದೊಮ್ಮೆ ಸೋಮಂದೇಪಲ್ಲಿಯವನೊಬ್ಬ ಟವಲ್ ಹಾಕಿ, ಟೀ ಕುಡಿಯಲು ಹೋಗಿ, ಬಸ್ಸು ತಪ್ಪಿಸಿಕೊಂಡ. ಆ ಟವಲ್ಲು ಹಿಂದೂಪುರದಿಂದ ಪೆನುಕೊಂಡದವರೆಗೆ ಒಂಟಿಯಾಗಿ ಕೂತು ಪ್ರಯಾಣ ಮಾಡಿತು. ಅದರ ಸುತ್ತ ಹನ್ನೊಂದು ಜನ ನಿಂತಿದ್ದರು.

ಚೌಡಕ್ಕ ಮೂವತ್ತು ವರ್ಷದಿಂದ ಲೇಪಾಕ್ಷಿಯಿಂದ ಬಂದು ಹಿಂದೂಪುರದಲ್ಲಿ ಸೊಪ್ಪು ಮಾರುವವಳು. ಟವಲಿನ ಒಂದು ಮೂಲೆಗೆ ಹಿಡಿ ಹುಣಸೆಬೀಜ ಗಂಟು ಕಟ್ಟಿರುತ್ತಿದ್ದಳು. ಅದು ತೂಕಕ್ಕೆ, ಉಳಿದದ್ದು ಅಭ್ಯಾಸ. ಅವಳ ಎಡ ಮೊಣಕಾಲು ಕೆಟ್ಟು ಆರು ವರ್ಷವಾಗಿತ್ತು. ದಿನವಿಡೀ ಕುಕ್ಕರಗಾಲಲ್ಲಿ ಕೂತವಳಿಗೆ ಕಾಲು ಚಾಚುವಷ್ಟು ಜಾಗ ಇದ್ದದ್ದು ಆ ಬಸ್ಸಿನ ಮೂರನೇ ಸೀಟಿನ ಮುಂದೆ ಮಾತ್ರ. ಅದು ಸಿಕ್ಕಿದರೆ ಮಾರನೇ ದಿನ ಬೆಳಗ್ಗೆ ಏಳುತ್ತಿದ್ದಳು. ಸಿಗದೆ ಹೋಗಿದ್ದರೆ ಗೋಡೆ ಹಿಡಿದು ಏಳಬೇಕಾಗುತ್ತಿತ್ತು.

ತಿರುಮಲೇಶ್ ಅದೇ ಬಸ್ಸಿನ ಗಿರಾಕಿ. ಹಿಂದೂಪುರದ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದ. ವಯಸ್ಸು ಮೂವತ್ತೆಂಟು, ಎತ್ತರ ಐದಡಿ ಮೂರಿಂಚು. ಬಾಸ್ಕೆಟ್‌ಬಾಲಿಗೂ ಅವನಿಗೂ ಸಂಪರ್ಕ ಬಂದದ್ದು ಒಮ್ಮೆ ಮಾತ್ರ, ಅದೂ ಚೆಂಡು ದಾರಿ ತಪ್ಪಿ ಬಂದು ಬೆನ್ನಿಗೆ ಬಡಿದಾಗ. ಆದರೂ ಪೆನ್ನಾ ಸ್ಟಾರ್ಕ್ಸ್ ಎಂಬ ವೃತ್ತಿಪರ ತಂಡದ ಹಣೆಬರಹ ತನ್ನ ತಲೆಯ ಮೇಲಿದೆ ಎಂದು ಅವನು ನಂಬಿದ್ದ. ಅಂಗಿಯ ಮೇಲೆ ಕೊಕ್ಕರೆಯ ಚಿತ್ರವಿದ್ದುದರಿಂದ ಜನ ಅದನ್ನು ಕೊಕ್ಕರೆ ಟೀಮು ಎನ್ನುತ್ತಿದ್ದರು. ಕೊಕ್ಕರೆ ಟೀಮು ಆ ವರ್ಷ ಸತತ ಒಂಬತ್ತು ಪಂದ್ಯ ಸೋತಿತ್ತು.

ಸೋಲಿಗೆ ಪತ್ರಿಕೆಯವರು ನೂರು ಕಾರಣ ಹೇಳುತ್ತಿದ್ದರು. ತಿರುಮಲೇಶನ ಪ್ರಕಾರ ಕಾರಣ ಒಂದೇ: ಕಣ್ಣು. ಏಳನೇ ನಂಬರಿನ ಆಟಗಾರನ ಬಲಗಣ್ಣು ಮೈನಸ್ ಒಂದೂಕಾಲು. ಹನ್ನೊಂದನೇ ನಂಬರಿನವನು ಪಾಸ್ ಕೊಡುವುದು ಇರುವವನಿಗಲ್ಲ, ಅವನ ಪಕ್ಕದ ನೆರಳಿಗೆ. ನಾಲ್ಕನೇ ನಂಬರಿನ ಆರಡಿ ಒಂಬತ್ತಿಂಚಿನವನಿಗೆ ದೂರದ್ದು ಕಾಣುತ್ತದೆ, ಕೈಯಲ್ಲಿರುವ ಚೆಂಡು ಕಾಣುವುದಿಲ್ಲ. ಇದನ್ನೆಲ್ಲ ಟಿವಿ ನೋಡಿಯೇ ಕಂಡುಹಿಡಿದು, ಚಿತ್ರ ಬರೆದು, ಕೋಚ್ ರಾಜೇಶ್ ಅವರಿಗೆ ಹದಿನಾಲ್ಕು ಸಲ ಕಳಿಸಿದ್ದ. ಕೋಚ್ ಉತ್ತರ ಕೊಟ್ಟಿರಲಿಲ್ಲ. ಓದಲು ಕನ್ನಡಕ ಬೇಕಿರಬಹುದು ಎಂದುಕೊಂಡಿದ್ದ ತಿರುಮಲೇಶ್.

ಆ ಸಂಜೆ ಅವನು ಬಸ್ಸಿನಲ್ಲಿ ಎಂದಿನಂತೆ ನಿಂತುಕೊಂಡೇ, ಚೌಡಕ್ಕನ ವಿಡಿಯೊವನ್ನು 'ಕೊಕ್ಕರೆ ಬಳಗ' ಎಂಬ ಅಭಿಮಾನಿಗಳ ವಾಟ್ಸಾಪ್ ಗುಂಪಿಗೆ ಹಾಕಿದ. ಕೆಳಗೆ ಬರೆದ: "ಮುಂದಿನ ಪಂದ್ಯಕ್ಕೆ ನನ್ನ ಐವರು. ನಾಲ್ಕು, ಒಂಬತ್ತು, ಹನ್ನೊಂದು, ಹದಿಮೂರು ಇರಲಿ. ಏಳನ್ನು ಕೂರಿಸಿ. ಅವನ ಜಾಗಕ್ಕೆ ಚೌಡಕ್ಕ, ಲೇಪಾಕ್ಷಿ. ದೂರ ಮೂವತ್ತಡಿ. ಗುರಿ ಚಲಿಸುತ್ತಿದೆ. ನೋಡದೆ ಹಾಕಿದ್ದಾರೆ. ಕನ್ನಡಕ ಇಲ್ಲ."

ಬರೆದದ್ದು ತಮಾಷೆಗೋ ಗಂಭೀರವಾಗಿಯೋ ಎಂದು ಆಮೇಲೆ ಎಷ್ಟೋ ಜನ ಕೇಳಿದರು. ಅದು ಅವನಿಗೂ ಗೊತ್ತಿರಲಿಲ್ಲ.

*

ಬುಧವಾರ ಬಸ್ ನಿಲ್ದಾಣದಲ್ಲಿ ಚೌಡಕ್ಕನನ್ನು ನೋಡಲು ನಲವತ್ತು ಜನ ಸೇರಿದ್ದರು. ಗುರುವಾರ ಇನ್ನೂರು. ಶುಕ್ರವಾರ ನೋಡುವವರು ಮುಗಿದು ಹಾಕುವವರು ಶುರುವಾದರು. ಹಿಂದೂಪುರದಲ್ಲಿ ತನಗೂ ಗುರಿ ಇದೆ ಎಂದು ಪ್ರತಿಯೊಬ್ಬನಿಗೂ ಒಂದೇ ವಾರದಲ್ಲಿ ಗೊತ್ತಾಯಿತು. ಲೇಪಾಕ್ಷಿಗೆ ಹೋಗುವ ಕೆಲಸವೇ ಇಲ್ಲದವರು ಲೇಪಾಕ್ಷಿ ಬಸ್ಸಿಗೆ ಟವಲ್ ಹಾಕಿದರು. ಟವಲ್ ಇಲ್ಲದವರು ಚೀಲ ಹಾಕಿದರು. ಬೆಳುಗುಪ್ಪದಿಂದ ಮಗಳ ಮನೆಗೆ ಬಂದಿದ್ದ ಪೆದ್ದಣ್ಣ ಎಂಬ ಹಿರಿಯರು ಹುರುಪಿನಲ್ಲಿ ಕೈಲಿದ್ದದ್ದನ್ನೇ ಎಸೆದರು. ಕೈಲಿದ್ದದ್ದು ನಾಲ್ಕು ಅಂತಸ್ತಿನ ಟಿಫಿನ್ ಕ್ಯಾರಿಯರ್. ಅದು ಕಿಟಕಿ ದಾಟಿ ಗುರಿ ಮುಟ್ಟಿತು ನಿಜ. ಸೀಟಿನಲ್ಲಿ ಆಗ ಕಂಡಕ್ಟರ್ ಕೂತು ಟಿಕೆಟ್ ಮಿಷನ್ನಿಗೆ ಕಾಗದದ ಸುರುಳಿ ಹಾಕುತ್ತಿದ್ದ.

ಸಾಂಬಾರಿನಲ್ಲಿ ಮಿಂದ ಕಂಡಕ್ಟರನನ್ನು ಸಾಕ್ಷಿಯಾಗಿ ಮುಂದೆ ನಿಲ್ಲಿಸಿಕೊಂಡು, ನಿಲ್ದಾಣದ ಕಂಟ್ರೋಲರ್ ಓಬುಳಪತಿ ಆದೇಶ ಬರೆಸಿದರು. "ಕಿಟಕಿಯ ಮೂಲಕ ಟವಲ್, ಚೀಲ, ಪಾತ್ರೆ ಹಾಗೂ ಮಕ್ಕಳನ್ನು ಒಳಗೆ ಹಾಕುವುದನ್ನು ನಿಷೇಧಿಸಲಾಗಿದೆ." ಜನ ಓದುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಆದ್ದರಿಂದ ಲೇಪಾಕ್ಷಿ ಬಸ್ಸಿನ ಎಲ್ಲ ಕಿಟಕಿಗಳನ್ನೂ ಮುಚ್ಚಿಸಿ ಸ್ಕ್ರೂ ಹೊಡೆಸಿದರು.

ಏಪ್ರಿಲ್ ತಿಂಗಳು. ಬಸ್ಸು ಇಡ್ಲಿ ಪಾತ್ರೆಯಾಯಿತು. ಬಾಗಿಲೊಂದೇ ದಾರಿಯಾದ್ದರಿಂದ ಗಟ್ಟಿ ಮೊಣಕೈಯವರು ಮೊದಲು ಹತ್ತಿ ಕೂತರು. ಚೌಡಕ್ಕ ಕೊನೆಗೆ ಹತ್ತಿದಳು. ಬುಟ್ಟಿಯನ್ನು ಎರಡು ಕಾಲುಗಳ ನಡುವೆ ಇಟ್ಟುಕೊಂಡು, ಮೇಲಿನ ಕಂಬಿ ಹಿಡಿದು, ಲೇಪಾಕ್ಷಿಯವರೆಗೆ ನಿಂತೇ ಹೋದಳು. ಟವಲ್ಲು ಅವಳ ಹೆಗಲ ಮೇಲೆ ಸುಮ್ಮನೆ ನೇತಾಡುತ್ತಿತ್ತು.

ನಾಲ್ಕನೇ ದಿನ ಅವಳು ಕನ್ನಡಕದ ಅಂಗಡಿಗೆ ಬಂದಳು. ತಿರುಮಲೇಶ್ ಗಿರಾಕಿಯೊಬ್ಬರ ಗದ್ದವನ್ನು ಮಿಷನ್ನಿನ ಮೇಲೆ ಇಡಿಸಿ, "ಅಲ್ಲಾಡ್ಬೇಡಿ," ಎಂದಿದ್ದ. ಚೌಡಕ್ಕ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ತೋರಿಸಿದಳು. ಅದು ಸಣ್ಣ ಕುಂಬಳಕಾಯಿಯಷ್ಟಾಗಿತ್ತು.

"ನೋಡ್ದೇನಪ್ಪ?"

"ನೋಡ್ದೆ ಚೌಡಕ್ಕ."

"ಕನ್ನಡ್ಕ ಹಾಕ್ಕಂಡು ನೋಡು, ಚೆಂದಾಗಿ ಕಾಣ್ತೈತೆ. ಮೂವತ್ತು ವರ್ಷದ ಸೀಟು ಕಣಪ್ಪ ಅದು. ನನ್ ಗಂಡ ಸತ್ತ ದಿನ ಬಿಟ್ರೆ ಒಂದಿನಾನೂ ಬ್ಯಾರೆಯೋರು ಕುಂತಿಲ್ಲ. ನೀನ್ಯಾವನಪ್ಪ ನನ್ನ ಟೀಮಿಗೆ ಹಾಕಕ್ಕೆ?"

"ಹೊಗಳಿದ್ದು ಕಣಕ್ಕಾ..."

"ನಿನ್ ಹೊಗಳ್ಕೆ ವಾಪಸ್ ತಕ್ಕ. ನನ್ ಸೀಟು ಕೊಡ್ಸು."

ಇಷ್ಟು ಹೇಳಿ ಹೊರಟುಹೋದಳು. ಗಿರಾಕಿ ಮಿಷನ್ನಿನ ಮೇಲೆ ಗದ್ದ ಇಟ್ಟುಕೊಂಡೇ, "ಈಗ ಅಲ್ಲಾಡ್ಬಹುದಾ?" ಎಂದರು.

ಚೌಡಕ್ಕ ಅಷ್ಟಕ್ಕೇ ಬಿಡುವವಳಲ್ಲ. ಮಾರನೇ ಬೆಳಗ್ಗೆ ತಿರುಮಲೇಶನ ಮನೆಗೆ ದಂಟಿನ ಸೊಪ್ಪು ಕೊಡಲು ಹೋಗಿ, ಅವನ ಹೆಂಡತಿ ಪದ್ಮಲತಾಗೂ ಮೊಣಕಾಲು ತೋರಿಸಿದಳು. ಪದ್ಮಲತಾ ಸಿಟ್ಟು ಮಾಡುವ ಹೆಂಗಸಲ್ಲ, ತೀರ್ಪು ಕೊಡುವ ಹೆಂಗಸು. ಸಂಜೆ ತಿರುಮಲೇಶ್ ಬರುವ ಹೊತ್ತಿಗೆ ಮನೆಯ ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಮಣೆ, ಒಂದು ಚಾಪೆ ಅಟ್ಟ ಸೇರಿದ್ದವು.

"ರೀ, ಇವತ್ತಿಂದ ಇದೇ ರೂಲ್ಸು. ಚೌಡಕ್ಕ ಬಸ್ಸಾಗೆ ಕುಂತ್ಕಣೋವರ್ಗೂ ನೀವು ಮನೇನಾಗೆ ಕುಂತ್ಕಣಂಗಿಲ್ಲ."

"ಊಟ?"

"ಮದ್ವೆ ಮನೆಗಳಾಗೆ ದೊಡ್ಡೋರೆಲ್ಲ ಈಗ ನಿಂತ್ಕಂಡೇ ಉಣ್ಣಲ್ವಾ? ಉಣ್ಣಿ."

ಅವನು ನಿಂತೇ ಉಂಡ. ನಿಂತೇ ಕೊಕ್ಕರೆ ಟೀಮಿನ ಹತ್ತನೇ ಸೋಲು ನೋಡಿದ. ಕಾಲಿನ ಉಗುರನ್ನು ನಿಂತು ಕತ್ತರಿಸಿಕೊಳ್ಳಲು ಹೋಗಿ ಹೊಸ್ತಿಲ ಮೇಲೆ ಬಿದ್ದ. ಬಿದ್ದಾಗ ಕೂತಂತಾಯಿತು ಎಂದು ಪದ್ಮಲತಾ ಕೂಡಲೇ ಎಬ್ಬಿಸಿದಳು.

*

"ಸೀಟು ಇಸ್ತಾನಯ್ಯಾ, ಕೊಡ್ತೀನಿ, ನಾನೇನು ಇಲ್ಲ ಅಂದ್ನಾ?" ಎಂದರು ಕಂಟ್ರೋಲರ್ ಓಬುಳಪತಿ, ತಮ್ಮ ತೆಲುಗು ಬೆರೆತ ಕನ್ನಡದಲ್ಲಿ. ತಿರುಮಲೇಶ್ ಚೌಡಕ್ಕನನ್ನು ಕರೆದುಕೊಂಡು ಅವರ ಕೊಠಡಿಗೆ ಹೋಗಿದ್ದ. ಮುಂದೆ ಎರಡು ಕುರ್ಚಿಗಳಿದ್ದವು. ಚೌಡಕ್ಕ ಒಂದರಲ್ಲಿ ಕೂತಳು. ತಿರುಮಲೇಶ್ ಅಭ್ಯಾಸಬಲದಿಂದ ನಿಂತೇ ಇದ್ದ. "ರೂಲ್ ಪ್ರಕಾರ ಕೇಳ್ಬೇಕು. ಯಾವ ಕೆಟಗಿರಿ?"

"ಸೊಪ್ಪು," ಎಂದಳು ಚೌಡಕ್ಕ.

ಓಬುಳಪತಿ ಫೈಲು ತೆರೆದರು. ಮೀಸಲು ಸೀಟಿಗೆ ಅರ್ಹರಾದವರ ಪಟ್ಟಿಯಲ್ಲಿ ಅಂಗವಿಕಲರಿದ್ದರು, ಪತ್ರಕರ್ತರಿದ್ದರು, ಸೊಪ್ಪಿನವರಿರಲಿಲ್ಲ. "ಹಿರಿಯ ನಾಗರಿಕರು ಅಂತ ಹಾಕ್ಬಹುದು. ಆಧಾರ್ ತೋರ್ಸಮ್ಮ."

ಆಧಾರ್ ಪ್ರಕಾರ ಚೌಡಕ್ಕನಿಗೆ ಮೂವತ್ತನಾಲ್ಕು ವರ್ಷ. ಬರೆಸಿದ ದಿನ ಕಂಪ್ಯೂಟರಿನವನಿಗೆ ಯಾವ ಅವಸರವಿತ್ತೋ. ಅವಳ ಹಿರಿಮಗನಿಗೇ ನಲವತ್ತು.

"ಮೂವತ್ತನಾಲ್ಕಕ್ಕೆ ಹಿರಿಯ ನಾಗರಿಕ ಆಗಲ್ಲ ಕಣಮ್ಮ," ಎಂದರು ಓಬುಳಪತಿ, ಎದುರಿಗಿದ್ದ ಬೆಳ್ಳಿಗೂದಲನ್ನು ನೇರವಾಗಿ ನೋಡುತ್ತ. "ಇನ್ನೂ ಚಿಕ್ಕ ವಯಸ್ಸು."

"ಹಂಗಾರೆ ನಿಮ್ಗಿಂತ ಚಿಕ್ಕೋಳು. 'ಅಮ್ಮ' ಅನ್ಬ್ಯಾಡಿ, 'ತಂಗಿ' ಅನ್ನಿ."

ಓಬುಳಪತಿ ಫೈಲಿನ ಕೊನೆಯ ಹಾಳೆಗೆ ಬಂದರು. ಅಲ್ಲಿ ಅವರ ಬೆರಳು ನಿಂತಿತು. "ಕ್ರೀಡಾಪಟುಗಳು. ತಂಡದ ಆಡುವ ಪಟ್ಟಿಯಲ್ಲಿ ಹೆಸರು ಇರಬೇಕು, ಕೋಚ್ ಸಹಿ ಮತ್ತು ಸೀಲು ಇರಬೇಕು. ಸೀಟ್ ನಂಬರ್ ಮೂರು." ಅವರು ತಲೆ ಎತ್ತಿ ತಿರುಮಲೇಶನನ್ನು ನೋಡಿದರು. "ನೀನೇ ಕದಯ್ಯಾ ಈಯಮ್ಮನ್ನ ಟೀಮಿಗೆ ಹಾಕಿದ್ದು? ಹಾಕ್ದೋನೇ ಸರ್ಟಿಫಿಕೇಟು ತಾ."

*

ಕಲ್ಯಾಣದುರ್ಗದಲ್ಲಿ ಪದ್ಮಲತಾಳ ತಮ್ಮ ಜಯಚಂದ್ರ ಇದ್ದ. ಕೊಕ್ಕರೆ ಬಳಗದ ಇನ್ನೂರ ಹನ್ನೆರಡು ಸದಸ್ಯರಲ್ಲಿ ನೂರೈವತ್ತು ಜನ ಅವನು ಕೇಳದೆ ಸೇರಿಸಿದ ನೆಂಟರು. ತಂಡವನ್ನು ಒಂದು ಪ್ರದರ್ಶನ ಪಂದ್ಯಕ್ಕೆ ತನ್ನೂರಿಗೆ ಕರೆಸಲು ಅವನು ಎರಡು ವರ್ಷದಿಂದ ಓಡಾಡುತ್ತಿದ್ದ. ಚೌಡಕ್ಕನ ವಿಡಿಯೊ ಊರೂರು ತಿರುಗಿದ ಮೇಲೆ ತಂಡದವರು ತಾವಾಗಿಯೇ ಒಪ್ಪಿಕೊಂಡಿದ್ದರು, ಒಂದು ಷರತ್ತಿನ ಮೇಲೆ: ಟವಲ್ ಅಮ್ಮ ಬರಬೇಕು, ಮಧ್ಯಂತರದಲ್ಲಿ ಒಂದು ಚೆಂಡು ಹಾಕಬೇಕು, ಜನ ಚಪ್ಪಾಳೆ ತಟ್ಟಬೇಕು.

"ಮಧ್ಯಂತರ ಸಾಲದು ಜಯಚಂದ್ರ," ಎಂದ ತಿರುಮಲೇಶ್ ಫೋನಿನಲ್ಲಿ. "ಆಡುವ ಐವರಲ್ಲಿ ಹೆಸರು ಬರ್ಬೇಕು. ಇಲ್ದಿದ್ರೆ ನಿಮ್ಮಕ್ಕ ನನ್ನ ಕೂರಕ್ಕೆ ಬಿಡಲ್ಲ."

"ಬಾವಾ, ಅದನ್ನ ನಂಗೆ ಬಿಡು. ಮೊದ್ಲು ಬರ್ಲಿ, ಊಟ ಮಾಡ್ಲಿ. ಹೊಟ್ಟೆ ತುಂಬಿದೋರು ಇಲ್ಲ ಅನ್ನಲ್ಲ."

ಭಾನುವಾರ ಬೆಳಗ್ಗೆ ತಿರುಮಲೇಶ್, ಚೌಡಕ್ಕ, ಒಂದು ಕಣ್ಣು ಪರೀಕ್ಷೆಯ ಬೋರ್ಡು, ಮೂವರೂ ಕಲ್ಯಾಣದುರ್ಗ ತಲುಪಿದರು. ಆ ಬಸ್ಸಿನ ಕಿಟಕಿಗಳು ತೆರೆದಿದ್ದವು. ಚೌಡಕ್ಕ ಹೋಗುವಾಗ ಟವಲ್ ಹಾಕಿ ಕೂತೇ ಹೋದಳು. ಅದು ಲೇಪಾಕ್ಷಿ ಬಸ್ಸಲ್ಲವಾದ್ದರಿಂದ ಪದ್ಮಲತಾ ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ಮೊದಲೇ ಹೇಳಿದ್ದಳು.

ತಂಡದಿಂದ ಎಂಟು ಆಟಗಾರರು ಬಂದಿದ್ದರು. ಕೋಚ್ ರಾಜೇಶ್ ಸಣ್ಣಗೆ, ಸುಸ್ತಾಗಿ, ಹತ್ತು ಸೋಲುಗಳನ್ನು ಕಣ್ಣಿನ ಕೆಳಗೇ ಹೊತ್ತುಕೊಂಡಂತಿದ್ದರು. ತಿರುಮಲೇಶ್ ಮೊದಲು ವಿಜ್ಞಾನದ ಕೆಲಸ ಮುಗಿಸಲು ನಿರ್ಧರಿಸಿದ. ಜಯಚಂದ್ರನ ಮನೆಯ ಜಗಲಿಯ ಗೋಡೆಗೆ ಬೋರ್ಡು ತೂಗುಹಾಕಿ, ಏಳನೇ ನಂಬರಿನವನನ್ನು ಇಪ್ಪತ್ತಡಿ ದೂರ ನಿಲ್ಲಿಸಿ, ಎಡಗಣ್ಣು ಮುಚ್ಚಿಸಿ ಓದಿಸಿದ. ಆ ಹುಡುಗ ಮೇಲಿನಿಂದ ಕೊನೆಯ ಸಾಲಿನವರೆಗೆ ಓದಿ, ಅದರ ಕೆಳಗೆ ಇರುವೆ ಗಾತ್ರದಲ್ಲಿದ್ದ ಅಚ್ಚುಕೂಟದ ಹೆಸರು ಮತ್ತು ಪಿನ್ ಕೋಡನ್ನೂ ಓದಿದ.

"ಕಣ್ಣು ಸರಿಯಾಗಿದೆ," ಎಂದರು ಕೋಚ್ ರಾಜೇಶ್. "ಹದಿನಾಲ್ಕು ಮೆಸೇಜ್ ಕಳಿಸಿದ್ದು ನೀವೇನಾ?"

"ಹಾಗಾದ್ರೆ ಯಾಕ್ ಸಾರ್ ಬೀಳಲ್ಲ?"

"ಅದೇ ಗೊತ್ತಾದ್ರೆ ನಾನು ಇಲ್ಲಿಗೆ ಯಾಕೆ ಬರ್ತಿದ್ದೆ?"

ಆಡುವ ಐವರ ವಿಷಯ ಎತ್ತಿದಾಗ ಕೋಚ್ ಎರಡೂ ಕೈ ಮುಗಿದರು. "ಮಧ್ಯಂತರದಲ್ಲಿ ಒಂದು ಬಾಲ್. ಅಷ್ಟೇ. ಆಡೋ ಲಿಸ್ಟಿನಲ್ಲಿ ಸೊಪ್ಪಿನಮ್ಮನ ಹೆಸರು ಬರೆದ್ರೆ ನಾಳೆ ನಾನೇ ಸೊಪ್ಪು ಮಾರ್ಬೇಕಾಗುತ್ತೆ."

"ಮಾರಕ್ಕೆ ನಿಂಗೆ ಬರಲ್ಲ ಬಿಡಪ್ಪ," ಎಂದಳು ಚೌಡಕ್ಕ. "ಮೊಕದಾಗೆ ಗೆಲುವೇ ಇಲ್ಲ. ಯಾರು ತಕ್ಕಂತಾರೆ?"

ಇಲ್ಲಿಗೆ ಕತೆ ಮುಗಿಯಬೇಕಿತ್ತು. ಆದರೆ ಊಟದ ಹೊತ್ತಾಗಿತ್ತು.

ಕಲ್ಯಾಣದುರ್ಗದಲ್ಲಿ ಅತಿಥಿ ಸಾಕು ಎಂದರೆ ಅದು ಊಟದ ಆರಂಭ. ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ಬಡಿಸುತ್ತಾರೆ. ಅಷ್ಟುದ್ದದ ದೇಹಗಳನ್ನು ಜಯಚಂದ್ರ ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಐದಡಿಯವರ ಲೆಕ್ಕ ಇವರಿಗೆ ಹೊಂದುವುದಿಲ್ಲವೆಂದು ಅವನೊಂದು ಹೊಸ ಲೆಕ್ಕ ಮಾಡಿದ: ಅಡಿಗೊಂದು ಮುದ್ದೆ.

"ಸಾಕು ಸಾರ್," ಎಂದ ನಾಲ್ಕನೇ ನಂಬರಿನವನು, ಮೂರನೇ ಮುದ್ದೆಗೆ.

"ಸೊಂಟದ ತಂಕ ಆಯ್ತಪ್ಪ, ಇನ್ನು ಮೇಲ್ಗಡೆ ಐತಲ್ಲ!" ಎಂದು ಜಯಚಂದ್ರ ನಾಲ್ಕನೆಯದನ್ನು ಇಳಿಸಿದ. ಕೋಳಿ ಸಾರು ಬಂತು. ಒಬ್ಬಟ್ಟು ಬಂತು, ಒಬ್ಬಟ್ಟಿನ ಮೇಲೆ ತುಪ್ಪ ಬಂತು. ಕೋಚ್ ರಾಜೇಶ್ ಎದ್ದು ನಿಂತು, "ಏಮಂಡೀ, ಮೂಡು ಗಂಟಲಕಿ ಮ್ಯಾಚ್ ಉಂದಿ!" ಎಂದು ತೆಲುಗಿನಲ್ಲಿ ಕಿರುಚಿದರು. ಮೂರು ಗಂಟೆಗೆ ಪಂದ್ಯವಿದೆ ಎಂದು ಕೇಳಿದ ಜಯಚಂದ್ರ, ಹಾಗಾದರೆ ಶಕ್ತಿ ಬೇಕು ಎಂದು ಇನ್ನೊಂದು ಸುತ್ತು ಬಡಿಸಿದ.

ಎದ್ದವರು ನಾಲ್ಕು ಜನ. ಉಳಿದ ನಾಲ್ವರು, ಅವರಲ್ಲಿ ಏಳನೇ ನಂಬರಿನವನೂ ಒಬ್ಬ, ಜಗಲಿಯ ಮೇಲೆ ಉದ್ದಕ್ಕೆ ಮಲಗಿದರು. ಜಗಲಿ ಸಾಲದೆ ಅವರ ಕಾಲುಗಳು ಬೀದಿಗೆ ಬಂದಿದ್ದವು. ಎದುರಾಳಿ ಕೃಷ್ಣಾ ಕೋಬ್ರಾಸ್ ತಂಡದವರು ಬುದ್ಧಿವಂತರು. ತಮ್ಮ ಬಸ್ಸಿನಲ್ಲೇ ಕೂತು ಬಾಳೆಹಣ್ಣು ತಿಂದಿದ್ದರು.

ಎರಡೂ ಮುಕ್ಕಾಲಿಗೆ ರೆಫರಿ ಬಂದು, ಐದು ಹೆಸರಿಲ್ಲದೆ ಪಂದ್ಯ ಶುರು ಮಾಡುವುದಿಲ್ಲವೆಂದರು. ಮೈದಾನದಲ್ಲಿ ಮೂರು ಸಾವಿರ ಜನ ಕಾಯುತ್ತಿದ್ದರು. ಕೋಚ್ ರಾಜೇಶ್ ನಾಲ್ವರನ್ನು ಎಣಿಸಿದರು. ಮತ್ತೆ ಎಣಿಸಿದರು. ಆಮೇಲೆ ನೋಡಲಾರೆ ಎಂಬಂತೆ ಕಣ್ಣು ಮುಚ್ಚಿ, ಚೌಡಕ್ಕನ ಮುಂದೆ ಕೈ ಚಾಚಿದರು.

"ಆಧಾರ್ ಕೊಡಮ್ಮ."

ರೆಫರಿ ಕಾರ್ಡು ನೋಡಿದರು, ಚೌಡಕ್ಕನನ್ನು ನೋಡಿದರು, ಮತ್ತೆ ಕಾರ್ಡು ನೋಡಿದರು. ಮೂವತ್ತನಾಲ್ಕು. ಸರ್ಕಾರಿ ದಾಖಲೆಯನ್ನು ಅನುಮಾನಿಸುವ ಅಧಿಕಾರ ರೆಫರಿಗೆ ಇರಲಿಲ್ಲ. "ಅನುಭವಿ ಆಟಗಾರ್ತಿ," ಎಂದು ಒಪ್ಪಿಕೊಂಡರು.

*

ಸೀರೆಯ ಮೇಲೆ ಮೂರನೇ ನಂಬರಿನ ಅಂಗಿ ತೊಟ್ಟು, ಹೆಗಲ ಮೇಲೆ ಟವಲ್ ಹಾಕಿಕೊಂಡು ಚೌಡಕ್ಕ ಒಳಗೆ ಬಂದಾಗ ಜನ ಶಿಳ್ಳೆ ಹೊಡೆದರು. ಅವಳಿಗೆ ಕೋಚ್ ಹೇಳಿದ್ದು ಒಂದೇ ಮಾತು: "ಇಲ್ಲೇ ನಿಂತಿರಿ." ಅವಳು ಅಲ್ಲೇ ನಿಂತಳು. ಅದು ಕೊಕ್ಕರೆಯವರು ಕಾಯಬೇಕಾದ ರಿಂಗಿನ ಕೆಳಗೆ ಎರಡು ಹೆಜ್ಜೆ ಪಕ್ಕಕ್ಕೆ.

ಮೊದಲ ಹತ್ತು ನಿಮಿಷದಲ್ಲಿ ಹನ್ನೊಂದನೇ ನಂಬರಿನವನು ಗೌರವಕ್ಕೆಂದು ಅವಳಿಗೊಂದು ಚೆಂಡು ಕೊಟ್ಟ. ಚೌಡಕ್ಕ ಅದನ್ನು ಬುಟ್ಟಿಯಂತೆ ಸೊಂಟಕ್ಕೆ ಇಟ್ಟುಕೊಂಡು ಮೇಲೆ ನೋಡಿದಳು.

"ಇದನ್ನ ಎಲ್ಲಿಗೆ ಹಾಕ್ಬೇಕು?"

"ಆ ಕಡೆ ರಿಂಗ್ ಒಳಗೆ ಅಮ್ಮಾ!"

"ಅದ್ರಾಗೆ ಕುಂತ್ಕಣಕ್ಕೆ ಜಾಗ ಎಲ್ಲೈತೆ? ತಳದಾಗೆ ತೂತೈತೆ." ಆದರೂ ಕೇಳಿದ್ದಾರೆಂದು ಹಾಕಿದಳು. ಚೆಂಡು ರಿಂಗಿನ ಹತ್ತಿರಕ್ಕೂ ಹೋಗಲಿಲ್ಲ. ಮೈಕ್ ಹಿಡಿದು ಸ್ವಾಗತ ಭಾಷಣ ಮುಂದುವರಿಸುತ್ತಿದ್ದ ಜಯಚಂದ್ರನ ಎದೆಗೆ ಬಡಿದು ಭಾಷಣ ಮುಗಿಸಿತು.

ಮೂರು ಸಾವಿರ ಜನ ತಿರುಮಲೇಶನ ಕಡೆ ತಿರುಗಿದರು. ಅವನು ಕಣ್ಣು ಪರೀಕ್ಷೆಯ ಬೋರ್ಡನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡ.

ಆದರೆ ಒಂದು ವಿಚಿತ್ರ ನಡೆಯತೊಡಗಿತು. ಕೋಬ್ರಾಸ್ ತಂಡದವರು ರಿಂಗಿನತ್ತ ಓಡಿ ಬಂದಾಗಲೆಲ್ಲ ಚೌಡಕ್ಕ ಎದುರಾಗುತ್ತಿದ್ದಳು. ಹಿರಿಯ ಹೆಂಗಸಿಗೆ ಮೈ ತಾಗೀತೆಂದು ಅವರು ಸುತ್ತು ಹಾಕುತ್ತಿದ್ದರು. ಅವರ ಕ್ಯಾಪ್ಟನ್ ವಂಶಿ ಒಮ್ಮೆ ಜಿಗಿಯಲು ಹೋಗಿ, "ಕ್ಷಮಿಸಿ ಅವ್ವಾ," ಎಂದು ಚೆಂಡು ಕೆಳಗಿಟ್ಟ. ಇತ್ತ ಕೊಕ್ಕರೆಯವರು ಐವರಿದ್ದಾಗ ಒಬ್ಬರಿಗೊಬ್ಬರು ಅಡ್ಡ ಬರುತ್ತಿದ್ದವರು, ನಾಲ್ವರಾದ ಮೇಲೆ ಸಲೀಸಾಗಿ ಓಡಿದರು. ಮುದ್ದೆ ತಿಂದ ಮೈಗಳನ್ನು ಪಕ್ಕಕ್ಕೆ ತಳ್ಳುವುದು ಬಾಳೆಹಣ್ಣಿನವರ ಕೈಲಾಗಲಿಲ್ಲ. ಕೊನೆಯ ಒಂದು ನಿಮಿಷ ಉಳಿದಾಗ ಕೊಕ್ಕರೆ ನಲವತ್ತೊಂದು, ಕೋಬ್ರಾ ನಲವತ್ತು. ಕೋಚ್ ರಾಜೇಶ್ ಅಂಕಪಟ್ಟಿಯನ್ನು ತಲೆಕೆಳಗಾಗಿ ಬರೆದಿದ್ದಾರೇನೋ ಎಂದು ಎರಡು ಸಲ ಕತ್ತು ಓರೆ ಮಾಡಿ ನೋಡಿದರು.

ಆಗ ಕೋಬ್ರಾಸ್‌ನ ಐವರೂ ಸಂಕೋಚ ಬಿಟ್ಟು ಒಟ್ಟಿಗೆ ನುಗ್ಗಿದರು. ಚೌಡಕ್ಕ ತಲೆ ಎತ್ತಿ ನೋಡಿದಳು. ಮೊಣಕೈ ಮುಂದೆ ಮಾಡಿಕೊಂಡು, ಕಣ್ಣು ಕೆಕ್ಕರಿಸಿಕೊಂಡು ಗುಂಪೊಂದು ತನ್ನತ್ತ ಓಡಿ ಬರುತ್ತಿತ್ತು. ಅಂಥ ಗುಂಪನ್ನು ಅವಳು ಮೂವತ್ತು ವರ್ಷದಿಂದ ದಿನಾ ಐದೂ ನಲವತ್ತಕ್ಕೆ ನೋಡಿದವಳು. ಇದಕ್ಕೆ ಏನು ಮಾಡಬೇಕೆಂದು ಅವಳ ಕೈಗೆ ಗೊತ್ತಿತ್ತು.

ಟವಲ್ಲು ಹಾರಿತು. ವಂಶಿಯ ಬೆರಳುಗಳ ಮೇಲಿಂದ ದಾಟಿ, ಹಲಗೆಗೆ ಮೆಲ್ಲಗೆ ಒರಗಿ, ರಿಂಗಿನ ತುಂಬ ಕೂತಿತು. ಹುಣಸೆಬೀಜದ ಗಂಟು ಬಲೆಯ ಕಣ್ಣಿಗೆ ಸಿಕ್ಕಿಕೊಂಡಿತು. ಹಿಂದೆಯೇ ಬಂದ ಚೆಂಡು ಟವಲಿನ ಮೇಲೆ ಬಿದ್ದು ಹೊರಗೆ ಪುಟಿಯಿತು.

"ಇದು ನಮ್ದು!" ಎಂದಳು ಚೌಡಕ್ಕ.

ಮೂರು ಸಾವಿರ ಜನ ಎದ್ದು ನಿಂತರು. ಬೆಳುಗುಪ್ಪದಿಂದ, ಸೋಮಂದೇಪಲ್ಲಿಯಿಂದ, ಎಲ್ಲೆಲ್ಲಿಂದಲೋ ಬಸ್ಸಿನಲ್ಲಿ ಬಂದಿದ್ದ ಜನ. ರೆಫರಿ ಸೀಟಿ ಊದಿದರು. ಗಡಿಯಾರ ನಿಂತಿತು.

"ಆ ಟವಲ್ ತೆಗೆಯಿರಿ!"

ಯಾರೂ ಅಲ್ಲಾಡಲಿಲ್ಲ. ರೆಫರಿ ಹೋಂಗಾರ್ಡನನ್ನು ಕರೆದರು. ಅವನು ರಿಂಗಿನ ಕೆಳಗೆ ಹೋಗಿ, ಮೇಲೆ ನೋಡಿ, ಟೋಪಿ ಸರಿ ಮಾಡಿಕೊಂಡು ವಾಪಸ್ ಬಂದ. "ಟವಲ್ ಬಿದ್ದೈತೆ ಸಾರ್."

"ಅದಕ್ಕೇ ತೆಗಿ ಅಂದಿದ್ದು!"

"ನಾನು ದಿನಾ ಬಸ್ಸಾಗೆ ಓಡಾಡ್ಬೇಕು ಸಾರ್."

ರೆಫರಿ ವಂಶಿಯತ್ತ ತಿರುಗಿದರು. ಅವನು ಒಂದು ಜಿಗಿತಕ್ಕೆ ತೆಗೆಯಬಹುದಿತ್ತು. ಅವನೂ ಬೆಳುಗುಪ್ಪದವನೆಂಬುದು ರೆಫರಿಗೆ ಗೊತ್ತಿರಲಿಲ್ಲ. ವಂಶಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ನಮ್ಮಜ್ಜಿ ಬದ್ಕವ್ರೆ ಸಾರ್. ಅವ್ರಿಗೆ ಗೊತ್ತಾದ್ರೆ ಮನೆಗೆ ಸೇರ್ಸಲ್ಲ."

ಕೊನೆಗೆ ರೆಫರಿಯೇ ಕುರ್ಚಿಯೊಂದನ್ನು ಎಳೆದುಕೊಂಡು ಹೋದರು. ಕುರ್ಚಿಯ ಮೇಲೆ ಒಂದು ಕಾಲಿಟ್ಟದ್ದೇ ತಡ, ಮೈದಾನದ ನಾಲ್ಕೂ ಕಡೆಯಿಂದ "ಏಯ್!" ಎಂಬ ಒಂದೇ ಸದ್ದು ಬಂತು. ರೆಫರಿ ಕಾಲು ಇಳಿಸಿದರು. ಎಳೆದು ತಂದ ಕುರ್ಚಿಯಲ್ಲಿ ಕೂತರು. ನಿಯಮಗಳ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದರು. ಟವಲಿನ ವಿಷಯ ಅದರಲ್ಲಿ ಎಲ್ಲೂ ಇರಲಿಲ್ಲ. ಅರ್ಧ ಗಂಟೆಯ ನಂತರ ಹೀಗೆ ಬರೆದರು: "ರಿಂಗ್ ಬೇರೆಯವರಿಗೆ ಮೀಸಲಾಗಿರುವ ಕಾರಣ ಪಂದ್ಯ ಮುಕ್ತಾಯ. ಪೆನ್ನಾ ಸ್ಟಾರ್ಕ್ಸ್ 41, ಕೃಷ್ಣಾ ಕೋಬ್ರಾಸ್ 40."

ಚೌಡಕ್ಕನ ಅಪ್ಪಣೆ ಕೇಳಿ, ನಾಲ್ಕನೇ ನಂಬರಿನವನು ಟವಲ್ ಇಳಿಸಿ ಎರಡೂ ಕೈಯಲ್ಲಿ ಕೊಟ್ಟ. ಕೋಚ್ ರಾಜೇಶ್ ಅಳುತ್ತ ಸರ್ಟಿಫಿಕೇಟಿಗೆ ಸಹಿ ಹಾಕಿದರು. ಸೀಲನ್ನು ಮೂರು ಸಲ ಒತ್ತಿದರು.

*

ಸೋಮವಾರ ಸಂಜೆ ಐದೂ ಮೂವತ್ತೆಂಟಕ್ಕೆ ಕಂಟ್ರೋಲರ್ ಓಬುಳಪತಿ ಹಿಂದೂಪುರದ ನಿಲ್ದಾಣದಲ್ಲಿ ಹಾರ ಹಿಡಿದು ನಿಂತಿದ್ದರು. ಬಸ್ಸನ್ನು ಮೊದಲೇ ತರಿಸಿ ನಿಲ್ಲಿಸಿದ್ದರು. ಮೂರನೇ ಸೀಟಿನ ಬೆನ್ನಿಗೆ ಬಿಳಿ ಬಣ್ಣದಲ್ಲಿ 'ಕ್ರೀಡಾಪಟು' ಎಂದು ಬರೆಸಿದ್ದರು. ಬಣ್ಣ ಒಣಗುವವರೆಗೆ ಯಾರೂ ಒರಗದಂತೆ ಕಂಡಕ್ಟರನನ್ನು ಕಾವಲಿಟ್ಟಿದ್ದರು. ಮನೆಯಲ್ಲಿ ಅಟ್ಟದ ಕೆಳಗೆ ಏಣಿ ಹಾಕಿ ಕಾಯುತ್ತಿರುವುದಾಗಿ ಪದ್ಮಲತಾ ಫೋನು ಮಾಡಿದ್ದಳು. ತಿರುಮಲೇಶ್ ಪಕ್ಕದಲ್ಲೇ ನಿಂತು, ಎರಡು ಕುರ್ಚಿಗಳಲ್ಲಿ ಮೊದಲು ಯಾವುದರಲ್ಲಿ ಕೂರಲಿ ಎಂದು ಲೆಕ್ಕ ಹಾಕುತ್ತಿದ್ದ.

ಚೌಡಕ್ಕ ಖಾಲಿ ಬುಟ್ಟಿ ಹೊತ್ತುಕೊಂಡು, ಕುಂಟುತ್ತ ಬಂದಳು. ಓಬುಳಪತಿ ಹಾರ ಹಾಕಿದರು, ಪಾಸು ಕೊಟ್ಟರು, ಒಳಗೆ ಕೈ ತೋರಿಸಿದರು.

"ರಾ ತಲ್ಲೀ. ನಿನ್ ಸೀಟೇ ಇದು. ಜೀವ ಇರೋ ತಂಕ. ಕೂರು."

ಚೌಡಕ್ಕ ಹತ್ತಲಿಲ್ಲ. ಬಸ್ಸಿನ ಪಕ್ಕಕ್ಕೆ ಹೋಗಿ, ಮೂರನೇ ಕಿಟಕಿಯ ಗಾಜಿನ ಮೇಲೆ ಬೆರಳಿಂದ ಎರಡು ಸಲ ಬಡಿದಳು. ಗಾಜಿನ ಆಚೆ ಜನ ಬೆವರು ಒರೆಸಿಕೊಳ್ಳುತ್ತ ಅವಳನ್ನೇ ನೋಡುತ್ತಿದ್ದರು.

"ಕಿಟ್ಕಿ?"

"ಕಿಟ್ಕಿ ತೆಗ್ಯಕ್ಕೆ ಆರ್ಡರ್ ಲೇದಮ್ಮಾ. ನಿಂಗ್ಯಾಕೆ ಈಗ ಕಿಟ್ಕಿ? ಬಾಗ್ಲಾಗೆ ಬಾ, ಕೂರು. ಯಾರಾನಾ ಅಡ್ಡ ಬಂದ್ರೆ ಕಾರ್ಡು ತೋರ್ಸು."

ಚೌಡಕ್ಕ ಹೆಗಲ ಮೇಲಿನ ಟವಲ್ ತೆಗೆದು ಒಮ್ಮೆ ಕೊಡವಿದಳು. ಮೂಲೆಯ ಗಂಟನ್ನು ಬಿಗಿ ಮಾಡಿದಳು. ಮುಚ್ಚಿದ ಗಾಜನ್ನು ನೋಡಿ, ಟವಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡಳು. ಡ್ರೈವರ್ ಹಾರ್ನ್ ಹೊಡೆದ.

"ಚೌಡಕ್ಕಾ," ಎಂದ ತಿರುಮಲೇಶ್, ಕೈ ಮುಗಿದು, "ನಿನ್ ಕಾಲಿಗೆ ಬೀಳ್ತೀನಿ, ಕುಂತ್ಕ. ಹನ್ನೆಲ್ಡು ದಿನ ಆಯ್ತು ನಾನು ಮನೇನಾಗೆ ಕುಂತು."

"ಟವಲ್ ಬಿದ್ದಿಲ್ಲ," ಎಂದಳು ಚೌಡಕ್ಕ, ಪಾಸನ್ನು ಓಬುಳಪತಿಯ ಕೈಗೆ ವಾಪಸ್ ಇಟ್ಟು. "ನಾನು ಕುಂತ್ಕಣಲ್ಲ."